‘ಲೆಂಗ್ ಜಾಯ್’ ಹೊಗಳಿಕೆಯೋ ಬೈಗುಳವೋ?

ಪ್ರಶ್ನೆ:
ಹಾಂಗ್‌ಕಾಂಗ್‌ಗೆ ಬಂದು 8 ತಿಂಗಳಾಯ್ತು. ಶಾಮ್ ಶೂಯಿ ಪೋ ಮಾರ್ಕೆಟ್ಟಲ್ಲಿ ಸೊಪ್ಪಿನಜ್ಜಿ ನನ್ನನ್ನ ದಿನಾ ‘ಲೆಂಗ್ ಜಾಯ್’ ಅಂತ ಕರೀತಾಳೆ, ಚೆಂದದ ಹುಡುಗ ಅಂತ. ನನಗೆ 41, ಅರ್ಧ ತಲೆ ಬೋಳು. ಆದರೂ ಉಬ್ಬಿಹೋಗಿ ಒಂದು ಕಟ್ಟು ಜಾಸ್ತಿನೇ ತರ್ತೀನಿ. ಮೊನ್ನೆ ಆಫೀಸಿಗೆ ಹೊಸದಾಗಿ ಸೇರಿದ ಹುಡುಗನಿಗೆ ಪ್ರೀತಿಯಿಂದ ನಾನೂ ಹಾಗೇ ಅಂದೆ. ಅವನ ಮುಖ ಸಪ್ಪಗಾಯ್ತು, ಪಕ್ಕದವಳು ಬಾಯಿ ಮುಚ್ಚಿಕೊಂಡು ನಕ್ಕಳು. ಏನು ಎಡವಟ್ಟಾಯ್ತು?

ಉತ್ತರ 1:
ರಾಗ ತಪ್ಪಿದೆ ಮಾರಾಯ್ರೆ. ಇಲ್ಲಿನ ಭಾಷೆ ಕ್ಯಾಂಟನೀಸಲ್ಲಿ ಆರು ಸ್ವರ, ದನಿಯ ಏರಿಳಿತ ಬದಲಾದರೆ ಅರ್ಥವೇ ಬದಲು. ‘ಲೆಂಗ್’ ಮಧ್ಯದಲ್ಲಿ ನಿಂತರೆ ಚೆಂದದ ಹುಡುಗ. ನೀವು ಎತ್ತರಕ್ಕೆ ಎತ್ತಿರ್ತೀರಿ, ಅದು ಮೀಸೆ ಬಾರದ ಪೋರ, ಗ್ಯಾಂಗಿನ ಕಿರಿಯ ಬಾಲಬಡುಕ. ಬರೆಯುವಾಗಲೂ ‘ಚೆಂದ’ದ ಅಕ್ಷರದ ಪಕ್ಕಕ್ಕೆ ‘ಬಾಯಿ’ ಅನ್ನುವ ಚೀನೀ ಅಕ್ಷರ ಒಂದನ್ನ ಅಂಟಿಸ್ತಾರೆ, ಅಷ್ಟೇ. ಅಜ್ಜಿಯ ಮಾತಿಗೆ ಉಬ್ಬಬೇಡಿ, ಮಾರ್ಕೆಟ್ಟಲ್ಲಿ ಗಿರಾಕಿಗಳೆಲ್ಲ ಲೆಂಗ್ ಜಾಯ್, ಲೆಂಗ್ ನೊಯ್ಗಳೇ (ಚೆಂದದ ಹುಡುಗಿಯರೇ).

ವಯಸ್ಸನ್ನಷ್ಟೇ ಹೇಳಬೇಕಿದ್ದರೆ ‘ಹೌ ಸಾಂಗ್ ಜಾಯ್’ ಅನ್ನಿ, ಅಂದರೆ ಯುವಕ, ಯಾರಿಗೂ ನೋವಿಲ್ಲ. ಬರೀ ‘ಹೌ ಸಾಂಗ್’ ಅಂದರೆ ಹಳೇ ಆಫೀಸುಗಳಲ್ಲಿ ಫೈಲು ಹೊರುವ, ಚಹಾ ತರುವ ಆಳು. ನಮ್ಮ ಉಡುಪಿ ಕಡೆಯವರಿಗೆ ಇದು ತಕ್ಷಣ ಹೊಳೀತದೆ: ಮನೆಯಲ್ಲಿ ಮಾಣಿ ಅಂದರೆ ಹುಡುಗ, ಹೋಟ್ಲಲ್ಲಿ ಮಾಣಿ ಅಂದರೆ ದೋಸೆ ತಂದಿಡುವವ, ಅವನಿಗೆ ಅರವತ್ತಾದರೂ.

‘ಫೈ ಚಿಂಗ್’ ಮಾತ್ರ ಬಾಯಿಗೆ ತರಬೇಡಿ. ಕೆಲಸಕ್ಕೆ ಬಾರದ ಯುವಕ ಅಂತ ಹಿರಿಯರು ಹೀಗಳೆಯುವ ಮಾತು. ಹುಡುಗರೂ ಬಿಡುವವರಲ್ಲ, ‘ಫೈ ಲೋ’ ಅಂತ, ಅಂದರೆ ಕೆಲಸಕ್ಕೆ ಬಾರದ ಮುದಿಯ ಅಂತ, ತಿರುಗಿಸಿ ಕೊಡ್ತಾರೆ. ರಾಜಕೀಯವೂ ಬೆರೆತಿದೆ ಅದರಲ್ಲಿ. ಅದಕ್ಕೆ ಹೋಲಿಸಿದರೆ 1960ರ ದಶಕದ ‘ಫೇಯ್ ಜಾಯ್’ ಈಗ ತಮಾಷೆಯಾಗಿ ಕೇಳ್ತದೆ: ಬಿಗಿ ಪ್ಯಾಂಟು, ಎಣ್ಣೆ ಹಚ್ಚಿ ಬಾಚಿದ ಕ್ರಾಪು, ನಮ್ಮ ಪಡ್ಡೆ ಹುಡುಗರ ಹಾಗೆ.

ಉತ್ತರ 2:
ಚಾ ಚಾನ್ ತೆಂಗ್‌ನಲ್ಲಿ, ಅದೇ ಇಲ್ಲಿನ ಚಹಾ ಹೋಟ್ಲಲ್ಲಿ, ಸಪ್ಲೈಯರ್ ‘ಒಂದು ಲೆಂಗ್ ಜಾಯ್!’ ಅಂತ ಕೂಗಿದರೆ ತಿರುಗಿ ನೋಡಬೇಡಿ ಸಾರ್. ಅದು ಬಿಳಿ ಅನ್ನ. ಲೆಂಗ್ ನೊಯ್ ಅಂದರೆ ಬಿಳಿ ಗಂಜಿ. ನಾನು ಒಮ್ಮೆ ನಕ್ಕು ಕೈ ಬೀಸಿ ಮರ್ಯಾದೆ ಕಳ್ಕೊಂಡಿದ್ದೀನಿ.

ಪ್ರಶ್ನೆ ಕೇಳಿದವರು:
ಇವತ್ತು ಹುಡುಗನ ಹತ್ರ ಹೋಗಿ ಸ್ವರ ತಪ್ಪಿತ್ತಪ್ಪಾ ಅಂದೆ. ‘ಪರವಾಗಿಲ್ಲ, ಆ ಸುಕ್’ ಅಂದ. ಅರ್ಥ ಕೇಳಿದೆ. ಅಂಕಲ್ ಅಂತೆ. ಸಂಜೆ ನೇರ ಅಜ್ಜಿ ಹತ್ರ ಹೋಗಿ ಎರಡು ಕಟ್ಟು ತಂದೆ.