ಆಪರೇಷನ್‌ಗಿಂತ ಅನಸ್ತೇಶಿಯಾದ್ದೇ ಭಯ: ಅರಿವಳಿಕೆ ತಜ್ಞರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಜಯನಗರ):
ಡಾಕ್ಟ್ರೇ, ನಮಸ್ಕಾರ. ನನಗೆ 42 ವರ್ಷ, ಪಿತ್ತಕೋಶದಲ್ಲಿ ಕಲ್ಲು. ಮುಂದಿನ ಗುರುವಾರ ಬೆಳಿಗ್ಗೆ ಲ್ಯಾಪರೋಸ್ಕೋಪಿ. ಹೊಟ್ಟೆ ತೂತು ಮಾಡ್ತಾರೆ ಅನ್ನೋದಕ್ಕೆ ಭಯ ಇಲ್ಲ, ಪೂರ್ತಿ ಮತ್ತು ಬರಿಸ್ತಾರೆ ಅಂದ್ರೆ ಕೈಕಾಲು ತಣ್ಣಗಾಗುತ್ತೆ. ಮತ್ತೆ ಏಳದೇ ಹೋದ್ರೆ? ಮಧ್ಯದಲ್ಲಿ ಎಚ್ಚರ ಆದ್ರೆ? ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡೋಕಾಗಲ್ವಾ? ಇದನ್ನೆಲ್ಲ ಹೇಳ್ಕೊಂಡ್ರೆ ನಗ್ತಾರೇನೋ ಅಂತ ಸುಮ್ಮನಿದ್ದೀನಿ. ಬಿಪಿಗೆ ಟೆಲ್ಮಿಸಾರ್ಟನ್ 40, ಜೊತೆಗೆ ಥೈರಾಯ್ಡ್ ಮಾತ್ರೆ ತಗೋತೀನಿ.

ಉತ್ತರ (ಅರಿವಳಿಕೆ ತಜ್ಞೆ):
ಸುಮ್ಮನಿರಬೇಡಿ. ಆಪರೇಷನ್‌ಗೆ ಮುಂಚೆ ಪಿಎಸಿ ಅಂತ ಒಂದು ತಪಾಸಣೆ ಇರುತ್ತೆ. ಅಲ್ಲಿ ಬಿಪಿ, ಶುಗರ್ ಹೇಳಿದ ಹಾಗೇ ಭಯವನ್ನೂ ಹೇಳಬೇಕು. ತುಂಬ ಆತಂಕದಲ್ಲಿ ಬಂದವರ ಬಿಪಿ, ಎದೆಬಡಿತ ಏರಿರುತ್ತೆ, ಮತ್ತು ಬರಿಸೋಕೆ ಔಷಧ ಸ್ವಲ್ಪ ಹೆಚ್ಚೇ ಬೇಕಾಗಬಹುದು. ಹಾಗಾಗಿ ಅದು ನಮಗೆ ಬೇಕಾದ ಮಾಹಿತಿ. ಆದರೆ "ಭಯ ಆಗುತ್ತೆ" ಅಂತ ಇಡಿಯಾಗಿ ಹೇಳಿದ್ರೆ "ಏನೂ ಆಗಲ್ಲಮ್ಮ" ಅನ್ನೋ ಉತ್ತರವೇ ಸಿಗೋದು. ಬಿಡಿಸಿ ಹೇಳಿ. ಸೂಜಿ ಭಯವೋ, ಮಾಸ್ಕ್ ಭಯವೋ, ಮಧ್ಯೆ ಎಚ್ಚರ ಆಗೋದೋ, ಏಳದೇ ಇರೋದೋ, ವಾಂತಿಯೋ? ಒಂದೊಂದಕ್ಕೆ ಮಾಡೋ ಉಪಾಯವೇ ಬೇರೆ.

ಮೊದಲು ಬೆನ್ನಿನ ಇಂಜೆಕ್ಷನ್ ವಿಷಯ. ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿಸಿ 12–15 ಮಿ.ಮೀ. ಪಾದರಸದ ಒತ್ತಡದಲ್ಲಿ ಉಬ್ಬಿಸ್ತಾರೆ. ವಪೆ (ಎದೆ, ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಮೇಲಕ್ಕೆ ಒತ್ತಿಕೊಳ್ಳುತ್ತೆ, ಉಸಿರು ಬಿಗಿಯುತ್ತೆ, ಹೆಗಲಲ್ಲಿ ನೋವು ಬರುತ್ತೆ. ಬೆನ್ನಿನ ಇಂಜೆಕ್ಷನ್‌ನಲ್ಲಿ (ಸ್ಪೈನಲ್) ಮಾಡಿದ್ದೂ ಉಂಟು. ಆದರೆ ಮೊದಲೇ ಹೆದರಿರೋರನ್ನ ಎಚ್ಚರವಾಗಿಟ್ಟು ಇದನ್ನೆಲ್ಲ ಅನುಭವಿಸೋಕೆ ಬಿಡೋದು ನನಗೆ ಸರಿ ಕಾಣಲ್ಲ. ಗಂಟಲಲ್ಲಿ ಟ್ಯೂಬ್ ಇಟ್ಟು ಉಸಿರಾಟವನ್ನ ನಮ್ಮ ಹಿಡಿತಕ್ಕೆ ತಗೊಂಡು ಮಾಡೋದೇ ಇಲ್ಲಿ ಸುರಕ್ಷಿತ.

ಏಳದೇ ಹೋಗೋ ಭಯಕ್ಕೆ: ಆರೋಗ್ಯವಾಗಿರೋರಲ್ಲಿ ಅನಸ್ತೇಶಿಯಾದಿಂದಲೇ ಸಾವು ಸುಮಾರು 1 ಲಕ್ಷಕ್ಕೆ 1 ಅಂತ ಬ್ರಿಟನ್‌ನಲ್ಲಿ ರೋಗಿಗಳಿಗೆ ಹೇಳ್ತಾರೆ. ಹೃದಯ, ಶ್ವಾಸಕೋಶದ ಕಾಯಿಲೆ ಇರೋರಿಗೆ, ತುರ್ತು ಆಪರೇಷನ್‌ಗೆ ಲೆಕ್ಕ ಬೇರೆ. ಒಮ್ಮೆ ಕೊಟ್ಟ ಔಷಧ ಮೈಯಲ್ಲೇ ಉಳಿದುಬಿಡುತ್ತೆ ಅನ್ನೋ ಕಲ್ಪನೆ ತುಂಬ ಜನಕ್ಕಿದೆ. ಹಾಗಿಲ್ಲ. ಮತ್ತು ಬರಿಸೋಕೆ ರಕ್ತನಾಳಕ್ಕೆ ಕೊಡೋ ಪ್ರೊಪೊಫಾಲ್‌ನ ಒಂದು ಡೋಸ್‌ನ ಮತ್ತು 5–10 ನಿಮಿಷದಲ್ಲಿ ಇಳಿಯುತ್ತೆ. ನಿಮ್ಮನ್ನ ಮತ್ತಿನಲ್ಲೇ ಇಡೋಕೆ ಸೆವೊಫ್ಲೂರೇನ್‌ನಂಥ ಗ್ಯಾಸನ್ನ ಬಿಡದೆ ಕೊಡ್ತಾನೇ ಇರಬೇಕು. ಅದನ್ನ ನಿಲ್ಲಿಸಿದ್ರೆ ನಿಮ್ಮ ಉಸಿರಲ್ಲೇ ಹೊರಗೆ ಹೋಗುತ್ತೆ, ನೀವು ಏಳ್ತೀರಿ.

ಟೆಲ್ಮಿಸಾರ್ಟನ್‌ನ ಸಾಮಾನ್ಯವಾಗಿ 24 ಗಂಟೆ ಮುಂಚೆ ನಿಲ್ಲಿಸಿಸ್ತೀವಿ. ಇಲ್ಲದಿದ್ರೆ ಮತ್ತು ಬಂದ ಕೂಡಲೇ ಬಿಪಿ ಕುಸಿಯಬಹುದು. ನೀವಾಗೇ ನಿಲ್ಲಿಸಬೇಡಿ, ಪಿಎಸಿಯಲ್ಲಿ ಕೇಳಿ. ಥೈರಾಯ್ಡ್ ಮಾತ್ರೆ ಅವತ್ತು ಬೆಳಿಗ್ಗೆಯೂ ಒಂದು ಗುಟುಕು ನೀರಲ್ಲಿ ತಗೋಬೇಕು.

ಅದೇ ಸದಸ್ಯೆ:
ಥ್ಯಾಂಕ್ಸ್ ಮೇಡಂ. ಮಧ್ಯದಲ್ಲಿ ಎಚ್ಚರ ಆಗೋದು? ಅದೇ ರಾತ್ರಿಯೆಲ್ಲ ತಲೇಲಿ ಓಡ್ತಿರೋದು.

ಉತ್ತರ (ಅರಿವಳಿಕೆ ತಜ್ಞೆ):
ಆಗೋದೇ ಇಲ್ಲ ಅಂತ ಸುಳ್ಳು ಹೇಳಲ್ಲ. ಬ್ರಿಟನ್, ಐರ್ಲೆಂಡ್‌ಗಳ ದೊಡ್ಡ ಸಮೀಕ್ಷೆ 2014ರಲ್ಲಿ ಬಂತು. ರೋಗಿಗಳು ತಾವಾಗಿ ಹೇಳಿಕೊಂಡ ಪ್ರಕರಣ ಸುಮಾರು 19,000 ಜನರಲ್ ಅನಸ್ತೇಶಿಯಾಗೆ ಒಂದು. ಒಬ್ಬೊಬ್ಬರನ್ನೂ ಆಪರೇಷನ್ ನಂತರ ಕೂರಿಸಿ ಕೇಳಿದ ಅಧ್ಯಯನಗಳಲ್ಲಿ ಸಾವಿರಕ್ಕೆ 1–2 ಸಿಕ್ಕಿದೆ. ಹೆಚ್ಚಿನವು ಕೊಯ್ಯುವಾಗ ಆದದ್ದಲ್ಲ, ಅರಿವಳಿಕೆ ಹತ್ತುವ ಅಥವಾ ಇಳಿಯುವ ಹೊತ್ತಿನಲ್ಲಿ ಆದದ್ದು. ಪೂರ್ತಿ ಮತ್ತು ಕೊಟ್ಟು ಮಾಡೋ ಸಿಸೇರಿಯನ್‌ನಲ್ಲಿ ಅಪಾಯ ಜಾಸ್ತಿ. ನಿಮ್ಮದು ಆ ಗುಂಪಲ್ಲ.

ಯಾಕೆ ಆಗುತ್ತೆ ಅಂದ್ರೆ, ಪ್ರೊಪೊಫಾಲ್ ಇಳಿಯೋಕೆ ಶುರುವಾಗಿ ಗ್ಯಾಸ್ ಇನ್ನೂ ಸಾಕಷ್ಟು ಏರದೇ ಇರೋ ಸಂದು. ವೇಪರೈಸರ್‌ನಲ್ಲಿ (ದ್ರವ ಔಷಧವನ್ನ ಗ್ಯಾಸ್ ಮಾಡಿ ಕೊಡೋ ಉಪಕರಣ) ಔಷಧ ಖಾಲಿಯಾಗೋದು. ಡ್ರಿಪ್‌ನಲ್ಲೇ ಪ್ರೊಪೊಫಾಲ್ ಕೊಡ್ತಿದ್ರೆ ಸೂಜಿ ರಕ್ತನಾಳದಿಂದ ಜಾರಿ ಔಷಧ ಚರ್ಮದಡಿ ಹೋಗೋದು. ಸಿರಿಂಜ್ ಅದಲುಬದಲಾಗಿ ಸ್ನಾಯು ಸಡಿಲಿಸೋ ಔಷಧ ಮೊದಲು ಹೋಗೋದು. ಇದಕ್ಕೇ ಸಿರಿಂಜ್‌ಗಳಿಗೆ ಲೇಬಲ್, ವೇಪರೈಸರ್ ನೋಡೋದು, ಮತ್ತೆ ನೀವು ಬಿಡೋ ಉಸಿರಲ್ಲಿ ಗ್ಯಾಸ್ ಎಷ್ಟಿದೆ ಅಂತ ಪರದೆ ಮೇಲೆ ಅಳೆಯೋದು. ಪ್ರಮಾಣ ಇಳಿದ್ರೆ ಅಲಾರ್ಮ್ ಬಡಿಯುತ್ತೆ. ಪಿಎಸಿಯಲ್ಲಿ ಹೀಗೇ ಕೇಳಿ: "ಉಸಿರಲ್ಲಿರೋ ಗ್ಯಾಸ್ ಅಳೆಯೋ ಮಾನಿಟರ್ ಇದೆಯಾ?" ಕೇಳೋದು ಅಧಿಕಪ್ರಸಂಗ ಅಲ್ಲ. ದಿನಾ ಕುಡಿಯೋ ಅಭ್ಯಾಸ, ನಿದ್ದೆ ಮಾತ್ರೆ, ನೋವಿನ ಬಲವಾದ ಮಾತ್ರೆ, ಹಿಂದೆ ಹೀಗೆ ಎಚ್ಚರವಾದದ್ದು ಯಾವುದಿದ್ದರೂ ಮುಚ್ಚಿಡಬೇಡಿ. ಅಂಥವರಿಗೆ ಔಷಧದ ಲೆಕ್ಕವೇ ಬದಲಾಗುತ್ತೆ.

ಒಂದು ಮಾತು ಮುಂಚೆಯೇ ಗೊತ್ತಿರಲಿ. ಆಪರೇಷನ್ ಮುಗಿದ ಮೇಲೆ ನಿಮ್ಮ ಹೆಸರು ಕರೆದು "ಕಣ್ಣು ಬಿಡಿ, ಬಾಯಿ ಬಿಡಿ" ಅಂತಾರೆ. ಆಗ ಗಂಟಲಲ್ಲಿ ಟ್ಯೂಬ್ ಇರಬಹುದು, ಮೈ ಭಾರ ಅನಿಸಬಹುದು. ಅದು ಮಧ್ಯದಲ್ಲಿ ಎಚ್ಚರವಾದದ್ದಲ್ಲ, ಹೊಲಿಗೆ ಹಾಕಿ ಮುಗಿದಿರುತ್ತೆ. ಗೊತ್ತಿಲ್ಲದೆ ಇದನ್ನೇ ನೆನೆದು ಹೆದರೋರು ಬಹಳ.

ಪ್ರಶ್ನೆ (ರಾಜಾಜಿನಗರ):
ಸೂಜಿ ನೋಡಿದ್ರೇ ಕಣ್ಣು ಕತ್ತಲೆ ಬಂದು ಬೀಳ್ತೀನಿ. ಮೂಗಿನ ಮೇಲೆ ಮಾಸ್ಕ್ ಇಟ್ರೆ ಉಸಿರು ಕಟ್ಟುತ್ತೆ.

ಉತ್ತರ (ಒ.ಟಿ. ಟೆಕ್ನಿಷಿಯನ್):
ಸರ್, ಮಾಸ್ಕ್‌ನಲ್ಲಿ ಬರೋದು ಬರೀ ಆಕ್ಸಿಜನ್. ದೊಡ್ಡವರಿಗೆ ಮತ್ತು ಬರೋದು ಸಾಮಾನ್ಯವಾಗಿ ಕೈಯಲ್ಲಿರೋ ಡ್ರಿಪ್‌ನಿಂದ. 3 ನಿಮಿಷ ಆಕ್ಸಿಜನ್ ಎಳೆದುಕೊಂಡ್ರೆ ಶ್ವಾಸಕೋಶ ತುಂಬಿರುತ್ತೆ, ಟ್ಯೂಬ್ ಹಾಕೋವಾಗ ಸಮಯ ಸಿಗುತ್ತೆ. ಪ್ಲಾಸ್ಟಿಕ್ ವಾಸನೆ ಇರುತ್ತೆ, ಅಷ್ಟೇ. "ನಾನೇ ಹಿಡ್ಕೋತೀನಿ" ಅಂತ ಕೇಳಿ, ಮಾಸ್ಕ್ ಕೈಗೇ ಕೊಡ್ತೀವಿ. ತಲೆ ಕಡೆ ಸ್ವಲ್ಪ ಎತ್ತರಿಸಿದ್ರೂ ಹಗುರ ಅನಿಸುತ್ತೆ.

ಉತ್ತರ (ಅರಿವಳಿಕೆ ತಜ್ಞೆ):
ಸೂಜಿಗೆ ಎರಡು ದಾರಿ. ಕೈಹಿಂದೆ ಮರಗಟ್ಟಿಸೋ ಕ್ರೀಮ್ (ಲಿಗ್ನೊಕೇನ್, ಪ್ರಿಲೊಕೇನ್ ಸೇರಿರೋದು) ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಅಂಟಿಸಿ, ಪೂರ್ತಿ 1 ಗಂಟೆ ಬಿಡಬೇಕು. ಹತ್ತು ನಿಮಿಷಕ್ಕೆ ಒರೆಸಿದ್ರೆ ಹಚ್ಚಿದ್ದೇ ದಂಡ. ಕಣ್ಣು ಕತ್ತಲೆ ಬರೋರು ಮಲಗಿಕೊಂಡೇ ಚುಚ್ಚಿಸಿಕೊಳ್ಳಿ. ಚುಚ್ಚದ ಕೈ, ಕಾಲು, ಹೊಟ್ಟೆಯ ಸ್ನಾಯು 10–15 ಸೆಕೆಂಡ್ ಬಿಗಿ ಹಿಡಿದು, 20–30 ಸೆಕೆಂಡ್ ಸಡಿಲ ಬಿಡಿ. ಹೀಗೆ ಐದು ಸಲ. ಬೀಳೋದು ಬಿಪಿ ಇಳಿಯೋದ್ರಿಂದ, ಬಿಗಿ ಹಿಡಿದ್ರೆ ಅದು ಇಳಿಯಲ್ಲ. ಇಲ್ಲಿ "ರಿಲ್ಯಾಕ್ಸ್ ಆಗಿ" ಅನ್ನೋ ಸಲಹೆ ಉಲ್ಟಾ ಹೊಡೆಯುತ್ತೆ. ಡ್ರಿಪ್ ಹಾಕಿದ ಮೇಲೆ ಮಿಡಜೋಲಾಮ್ 1–2 ಮಿ.ಗ್ರಾಂ ಕೇಳಬಹುದು. ಎರಡು ಮೂರು ನಿಮಿಷದಲ್ಲಿ ಗಾಬರಿ ಇಳಿಯುತ್ತೆ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಲ್ಲೋ ತೊಂದರೆ ಇದ್ರೆ ಮೊದಲೇ ಹೇಳಿ, ಆಗ ಕೊಡೋದಿಲ್ಲ ಅಥವಾ ಕಮ್ಮಿ ಮಾಡ್ತೀವಿ. ಪ್ರೊಪೊಫಾಲ್ ಹಾಲಿನಂತೆ ಬೆಳ್ಳಗಿರುತ್ತೆ, ಒಳಗೆ ಹೋಗುವಾಗ ಕೈ ಉರಿಯುತ್ತೆ. ಉರಿ ಬಂತು ಅಂದ್ರೆ ಏನೋ ತಪ್ಪಾಯ್ತು ಅಂದುಕೋಬೇಡಿ.

ಪ್ರಶ್ನೆ (ಯಲಹಂಕ):
ರಾತ್ರಿ 10ರಿಂದ ನೀರೂ ಕುಡೀಬೇಡಿ ಅಂದಿದ್ದಾರೆ. ಆಪರೇಷನ್ ಮಧ್ಯಾಹ್ನ. ಹೊಟ್ಟೆ ಖಾಲಿ ಇದ್ರೆ ಭಯ ಇನ್ನೂ ಜಾಸ್ತಿ.

ಉತ್ತರ (ಅರಿವಳಿಕೆ ತಜ್ಞೆ):
ಲಘು ಊಟಕ್ಕೆ 6 ಗಂಟೆ, ಮಾಂಸ, ಪೂರಿ, ಮಸಾಲೆ ದೋಸೆಯಂಥ ಎಣ್ಣೆ ಪದಾರ್ಥಕ್ಕೆ 8 ಗಂಟೆ, ತಿಳಿ ದ್ರವಕ್ಕೆ 2 ಗಂಟೆ. ಹಾಲು ತಿಳಿ ದ್ರವವಲ್ಲ, ಹೊಟ್ಟೆಯಲ್ಲಿ ಮೊಸರುಗಟ್ಟುತ್ತೆ, ಹಾಗಾಗಿ ಫಿಲ್ಟರ್ ಕಾಫಿಗೂ 6 ಗಂಟೆ. ಮಜ್ಜಿಗೆ, ರಾಗಿ ಅಂಬಲಿ, ಗಂಜಿ ಯಾವುದೂ ತಿಳಿ ದ್ರವವಲ್ಲ. ನೀರು, ಶೋಧಿಸಿದ ಎಳನೀರು, ಹಾಲಿಲ್ಲದ ಕಾಫಿ ನಡೆಯುತ್ತೆ. ಮತ್ತು ಬಂದಾಗ ಗಂಟಲಿನ ಕಾವಲು ಹೋಗಿರುತ್ತೆ. ಹೊಟ್ಟೆಯಲ್ಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಅಪಾಯ. ಅದಕ್ಕೇ ಈ ಕಟ್ಟುನಿಟ್ಟು.

ಮಧ್ಯಾಹ್ನದ ಆಪರೇಷನ್‌ಗೆ ರಾತ್ರಿಯಿಂದ ನೀರು ನಿಲ್ಲಿಸೋದು ಹಳೇ ರೂಢಿ, ಬರೀ ತಲೆನೋವು ತರುತ್ತೆ. "2 ಗಂಟೆ ಮುಂಚಿನ ತನಕ ನೀರು ಕುಡೀಬಹುದಾ?" ಅಂತ ಕೇಳಿ, ಅವರು ಒಪ್ಪಿದ್ರೆ ಮಾತ್ರ ಕುಡೀರಿ. ಎದೆಯುರಿ ಜಾಸ್ತಿ ಇರೋರಿಗೆ, ಹಳೇ ಶುಗರ್ ಇರೋರಿಗೆ, ಸೆಮಾಗ್ಲುಟೈಡ್ ಇಂಜೆಕ್ಷನ್ ತಗೊಳ್ಳೋರಿಗೆ ಹೊಟ್ಟೆ ನಿಧಾನ ಖಾಲಿಯಾಗುತ್ತೆ, ಅವರಿಗೆ ಈ ಲೆಕ್ಕ ಸಾಲಲ್ಲ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಶುಗರ್ ಮಾತ್ರೆಗಳನ್ನ 3 ದಿನ ಮುಂಚೆ ನಿಲ್ಲಿಸಿಸ್ತಾರೆ. ಅದನ್ನೂ ಕೇಳಿ. ಹೆಬ್ಬಾಳದ ಟ್ರಾಫಿಕ್‌ನಲ್ಲಿ ಒಂದು ಗಂಟೆ ಕೂರೋದು ಗ್ಯಾರಂಟಿ, ಕೊನೆಯ ಲೋಟ ನೀರು ಮನೆ ಬಿಡೋ ಮುಂಚೆ ಆಗಲಿ.

ಪ್ರಶ್ನೆ (ಚಿಕ್ಕಪೇಟೆ):
ನಮ್ಮ ಸೋದರಮಾವನಿಗೆ ಹಿಂದೆ ಆಪರೇಷನ್ ಆದ ಮೇಲೆ ಗಂಟೆಗಟ್ಟಲೆ ಉಸಿರೇ ಬರ್ಲಿಲ್ಲ, ವೆಂಟಿಲೇಟರ್‌ನಲ್ಲಿ ಇಟ್ಟಿದ್ರಂತೆ. ನಾವು ಆರ್ಯ ವೈಶ್ಯರು. ನನಗೀಗ ಹರ್ನಿಯಾ.

ಉತ್ತರ (ಅರಿವಳಿಕೆ ತಜ್ಞೆ):
ಇದು ಭಯ ಅಲ್ಲ, ಪಿಎಸಿಯಲ್ಲಿ ಮೊದಲ ಮಾತಾಗಬೇಕಾದ ವಿಷಯ. ಟ್ಯೂಬ್ ಹಾಕೋಕೆ ಸಕ್ಸಿನೈಲ್‌ಕೋಲಿನ್ (ಆಸ್ಪತ್ರೆಯಲ್ಲಿ ಸ್ಕೋಲಿನ್ ಅಂತಾರೆ) ಅನ್ನೋ ಔಷಧ ಇದೆ. ರಕ್ತದಲ್ಲಿರೋ ಸ್ಯೂಡೋಕೋಲಿನೆಸ್ಟರೇಸ್ ಅನ್ನೋ ಕಿಣ್ವ ಅದನ್ನ ಕೆಲವೇ ನಿಮಿಷದಲ್ಲಿ ಒಡೆಯುತ್ತೆ. ಕೆಲವು ಮನೆತನಗಳಲ್ಲಿ ಆ ಕಿಣ್ವ ಹುಟ್ಟಿನಿಂದಲೇ ಕಮ್ಮಿ. ಆರ್ಯ ವೈಶ್ಯ ಸಮುದಾಯದಲ್ಲಿ ಇದು ಹೆಚ್ಚು ಕಂಡುಬಂದಿದೆ. ಅಂಥವರಿಗೆ ಔಷಧ ಗಂಟೆಗಟ್ಟಲೆ ಉಳಿಯುತ್ತೆ, ಅಷ್ಟು ಹೊತ್ತೂ ವೆಂಟಿಲೇಟರ್ ಉಸಿರಾಡಿಸಬೇಕು. ಕಿಣ್ವ ಕಮ್ಮಿ ಇದ್ರೂ ದಿನನಿತ್ಯ ಯಾವ ತೊಂದರೆಯೂ ಆಗಲ್ಲ, ಅದಕ್ಕೇ ಯಾರಿಗೂ ಗೊತ್ತಿರಲ್ಲ. ರಕ್ತಪರೀಕ್ಷೆ ಇದೆ, ಮಾಡಿಸಿ. ಕಮ್ಮಿ ಬಂದ್ರೆ ಆ ಔಷಧ ಬಿಟ್ಟು ಬೇರೆಯದು ಬಳಸ್ತೀವಿ, ಅಟ್ರಾಕ್ಯೂರಿಯಂ ಅಥವಾ ರೋಕ್ಯುರೋನಿಯಂ. ಹರ್ನಿಯಾ ತೆರೆದ ವಿಧಾನದಲ್ಲಾದ್ರೆ ಸ್ಪೈನಲ್ ಕೂಡ ಆಗುತ್ತೆ. ಮಾವನವರ ಡಿಸ್ಚಾರ್ಜ್ ಸಮ್ಮರಿ ಸಿಕ್ಕಿದ್ರೆ ತನ್ನಿ.

ಪ್ರಶ್ನೆ (ಬಸವನಗುಡಿ):
ಅಮ್ಮ ತಾಳಿ ತೆಗೆಯಲ್ಲ ಅಂತ ಹಟ ಹಿಡಿದಿದ್ದಾರೆ. ಇನ್ನೊಂದು, ಮತ್ತಿನಲ್ಲಿ ಮನೆ ಗುಟ್ಟೆಲ್ಲ ಬಾಯಿಬಿಡ್ತಾರಾ?

ಉತ್ತರ (ಒ.ಟಿ. ಟೆಕ್ನಿಷಿಯನ್):
ಲೋಹ ಮೈಮೇಲಿದ್ರೆ ಕಾಟರಿ (ಕೊಯ್ಯೋಕೆ, ರಕ್ತ ನಿಲ್ಲಿಸೋಕೆ ಬಳಸೋ ವಿದ್ಯುತ್ ಉಪಕರಣ) ಕರೆಂಟ್‌ನಿಂದ ಸುಡೋ ಸಾಧ್ಯತೆ ಇದೆ, ಕತ್ತಿನ ಹತ್ತಿರ ಕೆಲಸಕ್ಕೂ ಅಡ್ಡ. ತಾಳಿ ತೆಗೆದು ಅರಿಶಿನ ಕೊಂಬು ಕಟ್ಟಿದ ದಾರ ಹಾಕಿಕೊಳ್ಳೋರು ತುಂಬ ಜನ. ಕುತ್ತಿಗೆಗೆ ಬೇಡ ಅಂದ್ರೆ ಕೈಗೆ ಕಟ್ಟಿಕೊಳ್ಳಲಿ, ಒ.ಟಿ.ಯವರನ್ನ ಒಂದು ಮಾತು ಕೇಳಿ. ಕಾಲುಂಗುರ, ಮೂಗುಬೊಟ್ಟು ಹಿಂದಿನ ದಿನವೇ ಸೋಪ್ ನೀರಲ್ಲಿ ಬಿಡಿಸಿ. ಅವತ್ತು ಬೆಳಿಗ್ಗೆ ಎಳೆದಾಡಿದ್ರೆ ಊದಿಕೊಳ್ಳುತ್ತೆ. ಕಟ್ಟಿಸಿದ ಹಲ್ಲು ತೆಗೆದು ಡಬ್ಬಿಯಲ್ಲಿ ಕೊಡಿ, ಅಲುಗಾಡೋ ಹಲ್ಲಿದ್ರೆ ತೋರಿಸಿ. ಕನ್ನಡಕ, ಕಿವಿಯ ಮೆಷಿನ್ ಎಚ್ಚರವಾದ ಕೂಡಲೇ ಸಿಗೋ ಹಾಗಿರಲಿ. ವಯಸ್ಸಾದವರಿಗೆ ಗೊಂದಲ ಕಮ್ಮಿ ಆಗುತ್ತೆ. ಗುಟ್ಟಿನ ಚಿಂತೆ ಬೇಡ. ಪ್ರೊಪೊಫಾಲ್ ಹೋದ ಅರ್ಧ ನಿಮಿಷಕ್ಕೆ ಮಾತೇ ನಿಂತಿರುತ್ತೆ. ಏಳುವಾಗ ಎಲ್ಲರೂ ಕೇಳೋದು "ಆಯ್ತಾ?" ಅಂತ.

ಅದೇ ಸದಸ್ಯೆ (ಜಯನಗರ):
ಕೊನೇದು. ನನಗೆ ಬಸ್ಸಲ್ಲಿ ಕೂತ್ರೇ ವಾಂತಿ. ಮಾರನೇ ದಿನ ಡಿಸ್ಚಾರ್ಜ್ ಆದ್ರೆ ಸ್ಕೂಟರ್ ಓಡಿಸಬಹುದಾ?

ಉತ್ತರ (ಅರಿವಳಿಕೆ ತಜ್ಞೆ):
ಬಸ್ಸಿನ ವಾಂತಿ ಹೇಳಿದ್ದು ಒಳ್ಳೇದಾಯ್ತು. ಹೆಂಗಸು, ಸಿಗರೇಟ್ ಸೇದದಿರೋದು, ಪ್ರಯಾಣದ ವಾಂತಿ, ಆಮೇಲೆ ಕೊಡೋ ಮಾರ್ಫಿನ್ ಜಾತಿಯ ನೋವಿನ ಔಷಧ, ಈ ನಾಲ್ಕೂ ಇದ್ರೆ ವಾಕರಿಕೆ ಅಥವಾ ವಾಂತಿಯ ಸಾಧ್ಯತೆ ಸುಮಾರು 80 ಶೇಕಡಾ. ಆದ್ದರಿಂದ ನಿಮಗೆ ಒಂದೇ ಔಷಧ ಸಾಲಲ್ಲ. ಮತ್ತು ಬಂದ ಮೇಲೆ ಡೆಕ್ಸಾಮೆಥಾಸೋನ್, ಕೊನೆಯಲ್ಲಿ ಒಂಡನ್‌ಸೆಟ್ರಾನ್ 4 ಮಿ.ಗ್ರಾಂ ಕೊಡ್ತಾರೆ, ಗ್ಯಾಸ್ ಬದಲು ಡ್ರಿಪ್‌ನಲ್ಲೇ ಪ್ರೊಪೊಫಾಲ್ ನಡೆಸೋಕೂ ಆಗುತ್ತೆ. ಇದನ್ನ ಪಿಎಸಿ ಹಾಳೆಯಲ್ಲಿ ಬರೆಸಿ. ಗಂಟಲು ಕೆರೆತ ಒಂದೆರಡು ದಿನ ಇರುತ್ತೆ, ಟ್ಯೂಬ್‌ನಿಂದ.

ಮತ್ತಿನ ಲೆಕ್ಕಕ್ಕೆ 24 ಗಂಟೆ ಗಾಡಿ ಓಡಿಸಬಾರದು, ಕಾಗದಪತ್ರಕ್ಕೆ ಸಹಿ ಹಾಕಬಾರದು. ಹೊಟ್ಟೆಯ ಗಾಯದ ಲೆಕ್ಕ ಬೇರೆ. ಸಡನ್ ಬ್ರೇಕ್ ಹಾಕಿದಾಗ ನೋವಿನಿಂದ ಕಾಲು ಹಿಂಜರಿಯಬಾರದು. ಅದು ಯಾವಾಗ ಅಂತ ಸರ್ಜನ್ ಹೇಳಲಿ. ಡಿಸ್ಚಾರ್ಜ್ ದಿನ ಆಟೋ ಬೇಡ, ಹಂಪ್ ಹತ್ತಿಸಿದಾಗಲೆಲ್ಲ ಹೊಟ್ಟೆ ಎಳೆಯುತ್ತೆ. ಕಾರು ಹೇಳಿಟ್ಟುಕೊಳ್ಳಿ, ಹೊಟ್ಟೆಗೆ ಅವುಚಿಕೊಳ್ಳೋಕೆ ಒಂದು ದಿಂಬು ಇರಲಿ.