2008ರ ಬಿಎಂಡಬ್ಲ್ಯು 650ಐ ಕೂಪೆ ತಗೊಳ್ಳಬಹುದಾ? ಕೂಲಂಟ್ ಕಮ್ಮಿಯಾಗೋದು ಮಾಮೂಲಿ ಅಂತಾರೆ

ಶಿರಾಗೇಟ್:
ಎಲ್ಲರಿಗೂ ನಮಸ್ಕಾರ. 2008ರ 650ಐ, ಇ63 ಬಾಡಿ (ಈ ಕೂಪೆಗೆ ಬಿಎಂಡಬ್ಲ್ಯು ಇಟ್ಟ ಒಳಹೆಸರು) ನೋಡ್ತಿದ್ದೀನಿ. 4.8 ಲೀಟರ್ ವಿ8, 367 ಕುದುರೆ ಶಕ್ತಿ, ಆರು ಗೇರಿನ ಆಟೋಮ್ಯಾಟಿಕ್, 61,000 ಕಿ.ಮೀ. ಗಾಡಿ ಬೆಂಗಳೂರಲ್ಲಿದೆ, ಕೆಎ-05 ನಂಬರು. ನಾನಿರೋದು ತುಮಕೂರು. ವಾರಕ್ಕೊಮ್ಮೆ ಹೈವೇನಲ್ಲಿ ಹಿರಿಯೂರು, ಚಿತ್ರದುರ್ಗದ ಕಡೆ ಓಡಿಸೋದು, ಮಿಕ್ಕಂತೆ ಶೆಡ್‌ನಲ್ಲೇ ಇರುತ್ತೆ. "ಕೂಲಂಟ್ ಸ್ವಲ್ಪ ಕಮ್ಮಿಯಾಗುತ್ತೆ, ವಿ8ಗೆ ಅದು ಮಾಮೂಲಿ" ಅಂತಾರೆ ಮಾರೋರು. ನಿಜಾನಾ? ಕೊಳ್ಳೋಕೆ ಮುಂಚೆ ಏನೇನು ನೋಡ್ಬೇಕು?

ಎನ್62:
ಮಾಮೂಲಿ ಅಲ್ಲ ಸರ್. ಈ ಎಂಜಿನ್ನಿನ ನಡುವೆ, ಎರಡು ಸಾಲು ಸಿಲಿಂಡರ್‌ಗಳ ಮಧ್ಯದ ಕಣಿವೆಯಲ್ಲಿ, ಹಿಂದಿನಿಂದ ಮುಂದಕ್ಕೆ ಒಂದು ಕೂಲಂಟ್ ಪೈಪ್ ಹೋಗುತ್ತೆ. ಅದರ ಮುಂದಿನ ತುದಿಯ ರಬ್ಬರ್ ಸೀಲ್ ವರ್ಷಾನುಗಟ್ಟಲೆ ಬಿಸಿಗೆ ಗಟ್ಟಿಯಾಗಿ ಸಿಗಿಯುತ್ತೆ. ಆಗ ವಾಟರ್ ಪಂಪಿನ ಹಿಂದಿರುವ ಸಣ್ಣ ತೂತಿನಿಂದ ಕೂಲಂಟ್ ತೊಟ್ಟಿಕ್ಕುತ್ತೆ. ಬಿಸಿ ಎಂಜಿನ್ ಮೇಲೆ ಬಿದ್ದಿದ್ದು ಅಲ್ಲೇ ಆರಿಹೋಗೋದರಿಂದ ನೆಲದಲ್ಲಿ ಗುರುತೇ ಸಿಗಲ್ಲ. ಅದಕ್ಕೇ ಜನ "ಮಾಮೂಲಿ" ಅಂದ್ಕೊಳ್ಳೋದು.

ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ನಿನ ಕೂಲಂಟ್ ವ್ಯವಸ್ಥೆಗೆ 1.5 ಬಾರ್ ಒತ್ತಡ ಕೊಟ್ಟು ಅರ್ಧ ಗಂಟೆ ಬಿಡಿಸಿ, ಟಾರ್ಚ್ ಹಿಡಿದು ಎರಡು ಕಡೆ ನೋಡಿ. ವಾಟರ್ ಪಂಪ್ ಹಿಂದೆ ಒದ್ದೆಯಿದ್ದರೆ ಈ ಪೈಪು. ಎಂಜಿನ್ನಿನ ಹಿಂಭಾಗ, ಗೇರ್‌ಬಾಕ್ಸ್ ಕೂಡುವ ಜಾಗದಲ್ಲಿ ಒದ್ದೆಯಿದ್ದರೆ ಕಣಿವೆ ಮುಚ್ಚುವ ತಟ್ಟೆಯ ಗ್ಯಾಸ್ಕೆಟ್. ಕಂಪನಿ ವಿಧಾನದಲ್ಲಿ ಪೈಪ್ ಬದಲಿಸಬೇಕಂದ್ರೆ ಎಂಜಿನ್ನಿನ ಮುಂಭಾಗವನ್ನೇ ಬಿಚ್ಚಬೇಕು. ಬಿಡಿಭಾಗಕ್ಕಿಂತ ಕೂಲಿಯೇ ಎಷ್ಟೋ ಪಾಲು ಜಾಸ್ತಿ. ಇನ್ನೊಂದು ದಾರಿ ಇದೆ: ಇನ್‌ಟೇಕ್ ಮ್ಯಾನಿಫೋಲ್ಡ್, ವಾಟರ್ ಪಂಪ್ ಬಿಚ್ಚಿ, ಹಳೇ ಪೈಪನ್ನ ಅಲ್ಲೇ ಕತ್ತರಿಸಿ ತೆಗೆದು, ಉದ್ದ ಹಿಗ್ಗುವ ಎರಡು ತುಂಡಿನ ಪೈಪ್ ಕೂರಿಸೋದು. ಇದನ್ನ ಮುಂಚೆ ಮಾಡಿ ಗೊತ್ತಿರೋರ ಕೈಗೇ ಕೊಡಿ. ಕತ್ತರಿಸಿದ ಚೂರು ಕೂಲಂಟ್ ದಾರಿಯಲ್ಲಿ ಉಳಿದ್ರೆ ಮುಂದೆ ಇನ್ನೂ ದೊಡ್ಡ ತೊಂದರೆ.

ಎರಡನೇದು ವಾಲ್ವ್ ಸ್ಟೆಮ್ ಸೀಲ್, ಅಂದ್ರೆ ವಾಲ್ವ್ ಕಡ್ಡಿ ಪಕ್ಕದಿಂದ ಆಯಿಲ್ ಸಿಲಿಂಡರಿಗೆ ಇಳಿಯದಂತೆ ತಡೆಯೋ ರಬ್ಬರ್. ಕ್ಯಾತ್ಸಂದ್ರದಿಂದ ದೇವರಾಯನದುರ್ಗ ಹತ್ತಿಸಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ಹತ್ತು ನಿಮಿಷ ಹಾಗೇ ಐಡಲ್‌ನಲ್ಲಿ ಬಿಡಿ. ಆಮೇಲೆ ಒಬ್ಬರನ್ನ ಹಿಂದೆ ನಿಲ್ಲಿಸಿ ಆಕ್ಸಿಲರೇಟರ್ ಒತ್ತಿ. ನೀಲಿ ಹೊಗೆ ಬುಸ್ ಅಂತ ಬಂದ್ರೆ ಸೀಲ್ ಹೋಗಿವೆ. ಒಟ್ಟು 32 ಸೀಲ್. ವಿಶೇಷ ಟೂಲ್ ಇದ್ದರೆ ಹೆಡ್ ಇಳಿಸದೇ ಹಾಕಬಹುದು. ಹಾಗೇ ಬಿಟ್ಟರೆ ಸುಟ್ಟ ಆಯಿಲ್ ಕ್ಯಾಟಲಿಟಿಕ್ ಕನ್ವರ್ಟರನ್ನೂ ಹಾಳು ಮಾಡುತ್ತೆ. ಮಾರೋರು ನೀವು ಬರೋ ಮುಂಚೆಯೇ ಗಾಡಿ ಸ್ಟಾರ್ಟ್ ಮಾಡಿ ಇಟ್ಟಿದ್ರೆ ತಣ್ಣನೆ ಎಂಜಿನ್ ಬೇಕಾದ ಕೂಲಂಟ್ ಒತ್ತಡದ ಪರೀಕ್ಷೆ ಆವತ್ತು ಬೇಡ, ಇನ್ನೊಂದು ದಿನ ಹೋಗಿ.

ಆಲ್ಟರ್ನೇಟರ್ ಬ್ರಾಕೆಟ್ಟಿನ ಗ್ಯಾಸ್ಕೆಟ್ಟನ್ನೂ ನೋಡಿ. ಅಲ್ಲಿ ಸೋರಿದ ಆಯಿಲ್ ನೇರ ಆಲ್ಟರ್ನೇಟರ್ ಮೇಲೇ ಬೀಳುತ್ತೆ.

ಕೋಲಾರ್ ರೋಡ್:
ಮೇಲಿನ ಮಾತು ನೂರಕ್ಕೆ ನೂರು ಸರಿ. ನಾನು ಬಾಡಿ, ಗೇರ್‌ಬಾಕ್ಸ್ ಬಗ್ಗೆ ಹೇಳ್ತೀನಿ.

ಇ63ಯಲ್ಲಿ ಬಾನೆಟ್, ಬಾಗಿಲು ಅಲ್ಯೂಮಿನಿಯಂ. ಮುಂದಿನ ಫೆಂಡರ್ ಪ್ಲಾಸ್ಟಿಕ್. ಡಿಕ್ಕಿ ಮುಚ್ಚಳವೂ ಲೋಹದ್ದಲ್ಲ. ಹಾಗಾಗಿ ಅಯಸ್ಕಾಂತ ಹಿಡಿದು ಪುಟ್ಟಿ ಮೆತ್ತಿದ್ದಾರಾ ಅಂತ ನೋಡೋ ನಮ್ಮ ಮಾಮೂಲಿ ಉಪಾಯ ಇಲ್ಲಿ ನಡೆಯಲ್ಲ. ಬಾನೆಟ್ ಎತ್ತಿ ಚಾಸಿಯ ಮುಂಭಾಗ ನೋಡಿ. ಅದು ಅಲ್ಯೂಮಿನಿಯಂ, ಸ್ಟೀಲ್ ಬಾಡಿಗೆ ಅಂಟು ಹಾಕಿ ರಿವೆಟ್ ಹೊಡೆದಿರುತ್ತೆ. ಅಲ್ಲಿ ವೆಲ್ಡಿಂಗ್ ಗುರುತು, ಹೊಸ ಬೋಲ್ಟು, ಉಳಿದವಕ್ಕೆ ಹೊಂದದ ರಿವೆಟ್ ಕಂಡ್ರೆ ಆ ಗಾಡಿ ಬಿಟ್ಟುಬಿಡಿ ಅಣ್ಣ, ಎಷ್ಟೇ ಅಗ್ಗ ಇರಲಿ.

ಗೇರ್‌ಬಾಕ್ಸ್ ಝಡ್‌ಎಫ್ ಕಂಪನಿಯ 6ಎಚ್‌ಪಿ26. "ಆಯಿಲ್ ಲೈಫ್‌ಟೈಮ್, ಬದಲಿಸೋದೇ ಬೇಡ" ಅಂತಾರೆ, ನಂಬಬೇಡಿ. 80,000ದಿಂದ 1,20,000 ಕಿ.ಮೀ. ಅಥವಾ ಎಂಟು ವರ್ಷ ಅಂತ ಝಡ್‌ಎಫ್‌ನವರೇ ಹೇಳಿದ್ದಾರೆ. ಈ ಗಾಡಿ ಕಿ.ಮೀ. ಲೆಕ್ಕದಲ್ಲಿ ಬಚಾವಾದ್ರೂ ವರ್ಷದ ಲೆಕ್ಕದಲ್ಲಿ ಯಾವಾಗಲೋ ದಾಟಿದೆ. ಫಿಲ್ಟರ್ ಪ್ಲಾಸ್ಟಿಕ್ ಪ್ಯಾನ್ ಒಳಗೇ ಇರೋದರಿಂದ ಪ್ಯಾನೇ ಹೊಸದು ಬೇಕು. ಜೊತೆಗೆ ಝಡ್‌ಎಫ್‌ನ ಲೈಫ್‌ಗಾರ್ಡ್ 6 ಆಯಿಲ್, ಮೆಕಾಟ್ರಾನಿಕ್ (ಗೇರ್ ಬದಲಿಸೋ ಎಲೆಕ್ಟ್ರಾನಿಕ್ ಘಟಕ) ಕನೆಕ್ಟರಿನ ಸುತ್ತ ಕೂರೋ ಸೀಲ್ ಸ್ಲೀವ್. ಕೊನೇ ಲೆವೆಲ್ಲನ್ನ ಎಂಜಿನ್ ಓಡ್ತಿರುವಾಗಲೇ, ಆಯಿಲ್ 30ರಿಂದ 50 ಡಿಗ್ರಿ ಒಳಗಿರುವಾಗ, ಬಿಸಿಯನ್ನ ಸ್ಕ್ಯಾನರ್‌ನಲ್ಲಿ ನೋಡ್ಕೊಂಡು ಸರಿ ಮಾಡಬೇಕು. ಏಪ್ರಿಲ್ ಮಧ್ಯಾಹ್ನ ಶುರು ಮಾಡಿದ್ರೆ ಕೈ ತಾಗಿಸೋಷ್ಟರಲ್ಲಿ 50 ದಾಟಿರುತ್ತೆ, ಬೆಳಿಗ್ಗೆಯೇ ಮಾಡಿಸಿ.

80–100ರ ವೇಗದಲ್ಲಿ ಬ್ರೇಕ್ ಹಿಡಿದಾಗ ಸ್ಟೀರಿಂಗ್ ನಡುಗಿದ್ರೆ ಡಿಸ್ಕ್ ಒಂದನ್ನೇ ದೂರಬೇಡಿ, ಮುಂದಿನ ಥ್ರಸ್ಟ್ ಆರ್ಮ್ (ಸಸ್ಪೆನ್ಷನ್ನಿನ ತೋಳು) ಬುಷ್ ಕೂಡ ನೋಡಿಸಿ.

ಶಿರಾಗೇಟ್:
ಬಹಳ ಉಪಕಾರ ಆಯ್ತು. ಕಾಗದಪತ್ರ? ಮತ್ತೆ ಕೂಲಂಟ್, ಪೆಟ್ರೋಲ್ ಯಾವುದು?

ಎನ್62:
ಮೊದಲು ಆರ್‌ಸಿ. 15 ವರ್ಷ 2023ಕ್ಕೇ ಮುಗಿದಿದೆ, ನವೀಕರಣ ಆಗಿದೆಯಾ ನೋಡಿ. ಈ ಕಾರು ಪೂರ್ತಿ ಜೋಡಿಸಿಯೇ ಆಮದಾಗಿದ್ದು. ಆಮದು ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 40,000 ರೂಪಾಯಿ, ಇಲ್ಲಿನವಕ್ಕೆ 5,000. ಆಗಿಲ್ಲ ಅಂದ್ರೆ ಅದನ್ನ ಮಾರೋರೇ ಮಾಡಿಸಿಕೊಡಲಿ. ನಿಮ್ಮ ಹೆಸರಿಗೆ ಬರೋಕೆ ಫಾರಂ 29, 30. ಸಾಲ ಇದ್ದಿದ್ರೆ 35 ಕೂಡ ಬೇಕು.

ಕೂಲಂಟ್ ಬಿಎಂಡಬ್ಲ್ಯು ನೀಲಿದೇ, ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್. ನಮ್ಮ ಕಡೆ ಬೋರ್‌ವೆಲ್ ನೀರನ್ನ ತುರ್ತಿಗೂ ಸುರಿಯಬೇಡಿ, ಬಕೆಟ್ಟಿಗೆ ಕಟ್ಟೋ ಬಿಳಿ ಉಪ್ಪೇ ರೇಡಿಯೇಟರ್ ಒಳಗೂ ಕಟ್ಟುತ್ತೆ. ಎಂಜಿನ್ ಆಯಿಲ್ ಎಂಟು ಲೀಟರ್, ಬಿಎಂಡಬ್ಲ್ಯು ಒಪ್ಪಿದ ಎಲ್ಎಲ್-01 ದರ್ಜೆಯ 5ಡಬ್ಲ್ಯು-30. ಬಂಕಿನ ಮಾಮೂಲಿ ಪೆಟ್ರೋಲ್ ಈಗ ಇ20, ಅಂದ್ರೆ ನೂರಕ್ಕೆ 20 ಪಾಲು ಎಥನಾಲ್. ಆ ಕಾಲದ ಬಿಎಂಡಬ್ಲ್ಯುಗೆ ಹೇಳಿರೋದು ಇ10 ತನಕ. ಎಥನಾಲ್ ತೇವ ಎಳ್ಕೊಳ್ಳುತ್ತೆ, ಆದ್ದರಿಂದ ಅರ್ಧ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ, ಇಂಧನದ ಹೋಸ್‌ಗಳನ್ನ ವರ್ಷಕ್ಕೊಮ್ಮೆ ನೋಡಿಸಿ.

ಶೆಡ್‌ನಲ್ಲಿ ನಿಲ್ಲೋ ಗಾಡಿಗೆ ಬ್ಯಾಟರಿ ಮೇಂಟೇನರ್ ಹಾಕಿಡಿ. ಹೊಸ ಬ್ಯಾಟರಿ ಹಾಕಿಸಿದ್ರೆ ಸ್ಕ್ಯಾನರ್‌ನಲ್ಲಿ ರಿಜಿಸ್ಟರ್ ಮಾಡಿಸಲೇಬೇಕು, ಇಲ್ಲಾಂದ್ರೆ ಹಳೇ ಬ್ಯಾಟರಿ ಅಂದ್ಕೊಂಡೇ ಚಾರ್ಜ್ ಮಾಡುತ್ತೆ. ಒತ್ತಡ ಪರೀಕ್ಷೆ ಆದ್ಮೇಲೆ ವಾಟರ್ ಪಂಪ್ ಹಿಂದಿನ ಫೋಟೋ ಇಲ್ಲಿ ಹಾಕಿ, ನೋಡಿ ಹೇಳ್ತೀವಿ.