‘ವೇಕ್’ಗೆ ಕನ್ನಡದಲ್ಲಿ ಏನನ್ನೋಣ? ‘ಹಿನ್ನೀರು’ ಆಗುವುದಿಲ್ಲ

ಎಲ್ಲರಿಗೂ ನಮಸ್ಕಾರ. ನೀರು, ಗಾಳಿಗಳ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಸಂಶೋಧನೆ. ಹರಿವಿಗೆ ಅಡ್ಡವಾಗಿ ಒಂದು ದುಂಡು ಕಂಬ ನಿಂತಿದೆ. ಅದನ್ನು ದಾಟಿದ ನೀರು ಏನಾಗುತ್ತದೆ? ಇಷ್ಟೇ ನನ್ನ ವಿಷಯ. ಇದನ್ನು ಹೈಸ್ಕೂಲು ಮಕ್ಕಳಿಗೆ ಕನ್ನಡದಲ್ಲಿ ಬರೆಯಲು ಕೂತವನು ಒಂದೇ ಪದದ ಹತ್ತಿರ ನಿಂತುಬಿಟ್ಟಿದ್ದೇನೆ: ವೇಕ್.

ಕಂಬ ದಾಟಿದ ಮೇಲೆ ಕದಡಿಕೊಂಡು ಹರಿಯುವ ನೀರಿನ ಪಟ್ಟಿಗೆ ಈ ಹೆಸರು. ಸೇತುವೆಯ ಮೇಲೆ ನಿಂತು ನೋಡಿ. ತೇಲಿಬಂದ ಎಲೆ ಕಂಬದ ಪಕ್ಕ ಸರ್ರನೆ ಜಾರುತ್ತದೆ. ಆಚೆ ಹೋಗಿ ನಿಧಾನವಾಗುತ್ತದೆ, ಒಂದು ಸುತ್ತು ತಿರುಗಿ ಕಂಬದ ಕಡೆಗೇ ವಾಪಸ್ ಬರುತ್ತದೆ. ಆಮೇಲೆ ಸುಳಿಯ ಜೊತೆ ಕೆಳಗೆ ಹೊರಟುಹೋಗುತ್ತದೆ. ನನ್ನ ಲೆಕ್ಕದಲ್ಲೂ ಹಾಗೇ. ಹರಿವಿನ ವೇಗ, ಕಂಬದ ದಪ್ಪ, ನೀರಿನ ಸ್ನಿಗ್ಧತೆ ಸೇರಿಸಿ ಲೆಕ್ಕ ಹಾಕುವ ಒಂದು ಅಳತೆ ಇದೆ, ರೆನಾಲ್ಡ್ಸ್ ಸಂಖ್ಯೆ ಅಂತ. ಅದು ಸುಮಾರು 47 ದಾಟುವವರೆಗೆ ಎರಡು ಸುಳಿಗಳು ಕಂಬಕ್ಕೆ ಅಂಟಿಕೊಂಡೇ ಇರುತ್ತವೆ. ದಾಟಿತೋ, ಎಡಕ್ಕೊಂದು ಬಲಕ್ಕೊಂದು ಸರದಿಯಂತೆ ಕಳಚಿಕೊಳ್ಳುತ್ತವೆ. ನಾನು ಆ ಸಂಖ್ಯೆ 100 ಇರುವ ಹರಿವಿಗೆ ಲೆಕ್ಕ ಹಾಕುತ್ತೇನೆ.

ವೋರ್ಟೆಕ್ಸ್‌ಗೆ ‘ಸುಳಿ’ಗಿಂತ ಒಳ್ಳೆಯ ಪದ ಬೇಕಿಲ್ಲ. ತಲೆಯ ಸುಳಿ, ದನದ ಮೈಮೇಲಿನ ಸುಳಿ ನೋಡಿದ ಮಗುವಿಗೆ ಬೇರೆ ವಿವರಣೆ ಬೇಡ. ತೊಡಕಿರುವುದು ವೇಕ್‌ನಲ್ಲೇ. ಮೊದಲು ‘ಹಿನ್ನೀರು’ ಅಂತ ಬರೆದೆ. ಕಂಬದ ಹಿಂದಿನ ನೀರು ಅಲ್ವಾ? ಆದರೆ ಲಿಂಗನಮಕ್ಕಿ ಹಿನ್ನೀರು, ಕೆ.ಆರ್.ಎಸ್. ಹಿನ್ನೀರು ಅಂದರೆ ಕಟ್ಟೆಯ ಮೇಲ್ಗಡೆ ನಿಂತ ನೀರು. ನನಗೆ ಬೇಕಾದದ್ದು ತಡೆಯನ್ನು ದಾಟಿ ಹೋದ ನೀರು. ದಿಕ್ಕೇ ಉಲ್ಟಾ! ಅಲ್ಲದೆ ಗಾಳಿಗೂ ವೇಕ್ ಇರುತ್ತದೆ. ‘ಹಿಂಹರಿವು’ ಅಂದರೆ ಹಿಂದಕ್ಕೆ ಹರಿಯುವುದು ಅನ್ನಿಸುತ್ತದೆ. ಎಲೆ ಕಂಬದ ಕಡೆಗೆ ವಾಪಸ್ ಬಂತಲ್ಲ, ಆ ಪದ ಅಲ್ಲಿಗೆ ಬೇಕು.

ಅಮ್ಮ ಲ್ಯಾಪ್‌ಟಾಪಿನಲ್ಲಿದ್ದ ಚಿತ್ರ ನೋಡಿ, “ಹೊಳೇಲಿ ಬಂಡೆ ಮರೇಲಿ ನೀರು ಹೀಗೇ ತಿರುಗುತ್ತಲ್ಲೋ” ಅಂದರು. ‘ಮರೆ’ ನನಗೆ ತುಂಬಾ ಹಿಡಿಸಿತು. ಆದರೆ ಅದು ಕಂಬಕ್ಕೆ ತಾಗಿದ ಜಾಗಕ್ಕಷ್ಟೇ ಸರಿ. ವೇಕ್ ಕಂಬದ ದಪ್ಪದ ಹತ್ತಾರು ಪಟ್ಟು ದೂರ ಚಾಚಿಕೊಳ್ಳುತ್ತದೆ. ಅಷ್ಟು ದೂರದಲ್ಲಿ ಯಾವ ಮರೆ?

ಈಗ ‘ಸುಳಿಜಾಡು’ ಅಂತ ಬರೆದಿಟ್ಟಿದ್ದೇನೆ. ದೋಣಿ ಹೋದ ಜಾಡಿಗೂ ಹೊಂದುತ್ತದೆ. ಒಂದೇ ಅಳುಕು: ಸುಳಿವು, ಜಾಡು ಎರಡೂ ಕಳ್ಳನನ್ನು ಹುಡುಕುವಾಗಿನ ಮಾತು. ಓದುವವರ ಮನಸ್ಸು ಆ ಕಡೆ ಹೋಗುತ್ತದಾ?

ಹೊಳೆದಂಡೆಯ ಊರಿನವರು ದಯವಿಟ್ಟು ಹೇಳಿ. ತೆಪ್ಪ, ಹರಿಗೋಲು ಹಾಕುವವರು, ಮೀನು ಹಿಡಿಯುವವರು ಬಂಡೆಯ ಕೆಳಗಿನ ಆ ನೀರಿಗೆ ಏನನ್ನುತ್ತಾರೆ?